ಸೈಟಿನ ಸುತ್ತ ಕವಳೆ ಗಿಡದ ಬೇಲಿ ಹಾಕಬಹುದಾ? ಎಷ್ಟು ವರ್ಷ ಬೇಕು?

ಧಾರಾಳವಾಗಿ ಹಾಕಬಹುದು. ಮೈಸೂರಿನ ಹೊರಗೆ ಕೆಮ್ಮಣ್ಣಿನ ಸೈಟು, ಬೋರ್ ಇಲ್ಲ, ದನ ನುಗ್ಗುತ್ತವೆ, ಕಾಂಪೌಂಡ್ ಕಟ್ಟಿಸಲು ಸದ್ಯಕ್ಕೆ ದುಡ್ಡಿಲ್ಲ ಅಂತ ಬರೆದಿದ್ದೀರಿ. ಕವಳೆಗೆ ಇಂಥ ಜಾಗವೇ ಸರಿ. ಕುರುಚಲು ಕಾಡಿನಲ್ಲಿ, ಕಲ್ಲುಮಣ್ಣಿನಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಮುಳ್ಳಿನ ಗಿಡ ಅದು. ಆದರೆ ನೆಡುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಲಿ ಬೇಕೋ, ಹಣ್ಣು ಬೇಕೋ? ಎರಡೂ ಬೇಕು ಅಂತಲೇ ಎಲ್ಲರೂ ಹೇಳುತ್ತಾರೆ. ಕೊನೆಗೆ ಎರಡೂ ಅರೆಬರೆ ಆಗುತ್ತವೆ.

ಕವಳೆ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಬೇಲಿ ನೀಟಾಗಿ ಕಾಣಲಿ ಅಂತ ತಿಂಗಳಿಗೊಮ್ಮೆ ಕತ್ತರಿ ಆಡಿಸಿದರೆ ಹೂವಿನ ತುದಿಯೇ ಹೋಗುತ್ತದೆ, ಕಾಯಿ ಎಲ್ಲಿಂದ ಬರಬೇಕು? ಹಾಗಂತ ಸವರದೆ ಬಿಟ್ಟರೆ ಗಿಡ ಮೇಲೆ ಹರಡಿಕೊಳ್ಳುತ್ತದೆ, ಬುಡ ಬೋಳಾಗುತ್ತದೆ. ಆ ಸಂದಿಯಲ್ಲಿ ನಾಯಿ, ಕುರಿ ಎಲ್ಲಾ ಆರಾಮಾಗಿ ನುಗ್ಗುತ್ತವೆ. ನಾನು ಹೇಳುವ ದಾರಿ ಇದು. ರಸ್ತೆ ಕಡೆಯ ಸಾಲನ್ನು ಬೇಲಿಗೆ ಅಂತಲೇ ಇಟ್ಟು ಆಗಾಗ ಸವರಿ. ಹಿಂದಿನ ಮೂಲೆಯಲ್ಲಿ ಒಂದೆರಡು ಗಿಡವನ್ನು 6–8 ಅಡಿ ಅಂತರ ಕೊಟ್ಟು ಹಣ್ಣಿಗೆ ಬಿಟ್ಟುಬಿಡಿ. ಅವನ್ನು ಕಾಯಿ ಮುಗಿದ ಮೇಲೆ, ವರ್ಷಕ್ಕೆ ಒಂದೇ ಸಲ ಹಗುರವಾಗಿ ಸವರಿದರೆ ಸಾಕು. ಮುಂದಿನ ಬೇಸಿಗೆಯ ಹೂವಿಗೆ ಹೊಸ ಕುಡಿ ಬರಲು ಟೈಮ್ ಸಿಗುತ್ತದೆ.

ಬೇಲಿಗಾದರೆ 2–3 ಅಡಿಗೊಂದು ಸಸಿ. ಜಾಗ ಇದ್ದರೆ ಎರಡು ಸಾಲು ಮಾಡಿ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ನೆಡಿ. ಒಂದೂವರೆ ಅಡಿ ಗುಂಡಿ, ಅದಕ್ಕೆ ಒಂದು ಬಾಂಡ್ಲಿ ಹಳೆಯ ಕೊಟ್ಟಿಗೆ ಗೊಬ್ಬರ. ಇಷ್ಟೇ. ಜೂನ್–ಜುಲೈನಲ್ಲಿ ನೆಟ್ಟರೆ ಅಕ್ಟೋಬರ್ ಮಳೆಯೂ ಸಿಗುತ್ತದೆ. ಮೈಸೂರಿಗೆ ಜಾಸ್ತಿ ಮಳೆ ಬರುವುದು ಆಗಲೇ ಅಲ್ವಾ. ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೊಮ್ಮೆ ಬಿಂದಿಗೆ ನೀರು ಹಾಕಿ. ಮಂಡ್ಯ ಕಡೆ ನಾಲೆ ನೀರು ನಿಲ್ಲುವ ಎರೆಮಣ್ಣಿನವರು ಇದನ್ನು ಓದುತ್ತಿದ್ದರೆ, ಏರಿ ಮಾಡಿ ಅದರ ಮೇಲೆ ನೆಡಿ. ಬಿಸಿಲು ತಡೆಯುವ ಈ ಗಿಡ, ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ.

ಸಸಿ ಒಂದಡಿ ಆದಾಗ ಕುಡಿ ಚಿವುಟಿ. ಪಕ್ಕದಲ್ಲಿ ಒಡೆದ ಕವಲು ಒಂದಡಿ ಆದಾಗ ಅದನ್ನೂ ಚಿವುಟಿ. ಚೆನ್ನಾಗಿ ಬೆಳೆಯುತ್ತಿರುವ ಗಿಡ ಕತ್ತರಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಬುಡದಿಂದಲೇ ದಟ್ಟವಾಗಬೇಕಾದರೆ ಇದೊಂದೇ ಉಪಾಯ. ಕತ್ತರಿಸಿದಾಗ ಬಿಳಿ ಹಾಲು ಬರುತ್ತದೆ, ಕೈಗೆ ಅಂಟುತ್ತದೆ. ಮುಳ್ಳಂತೂ ಜೋಡಿ ಜೋಡಿ. ದಪ್ಪ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ.

ದನ ತಡೆಯುವಷ್ಟು ಬೇಲಿ ಆಗಲು 3 ವರ್ಷ ಅಂದುಕೊಳ್ಳಿ. ಎಳೆ ಸಸಿಯಲ್ಲಿ ಮುಳ್ಳಿನ್ನೂ ಬಲಿತಿರುವುದಿಲ್ಲ, ಮೇಕೆ ಬಾಯಿ ಹಾಕುತ್ತದೆ. ಅಲ್ಲಿಯವರೆಗೆ ಹೊರಗಡೆ ಒಣ ಜಾಲಿ ಮುಳ್ಳು ಒತ್ತಾಗಿ ಇಡಿ.

ಸಸಿ ಕೊಳ್ಳುವಾಗ ಹುಷಾರು. ನರ್ಸರಿಗಳಲ್ಲಿ ಕರಿಸ್ಸಾ (ಕವಳೆಯ ಕುಲದ ವೈಜ್ಞಾನಿಕ ಹೆಸರು) ಅಂತ ಕೇಳಿದರೆ ದೊಡ್ಡ ನಕ್ಷತ್ರದಂಥ ಬಿಳಿ ಹೂವಿನ, ಗುಂಡು ಎಲೆಯ ಗಿಡ ಕೊಡಬಹುದು. ಅದು ದಕ್ಷಿಣ ಆಫ್ರಿಕಾದ್ದು. ನಮ್ಮದು ಬೇಕಾದರೆ ಉಪ್ಪಿನಕಾಯಿ ಹಾಕುವ ಕವಳೆಕಾಯಿ ಗಿಡ ಅಂತಲೇ ಕೇಳಿ. ಬೇಕರಿ ಕೇಕಿನ ಮೇಲೆ ಕೂತಿರುವ ಕೆಂಪು ಚೆರ್ರಿ ಎಷ್ಟೋ ಸಲ ಇದೇ ಕಾಯಿ, ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ್ದು! ಬೀಜದಿಂದ ಮಾಡುವುದಾದರೆ, ಕಪ್ಪಗೆ ಹಣ್ಣಾದದ್ದನ್ನು ಹಿಸುಕಿ ಬೀಜ ತೊಳೆದು ತಡಮಾಡದೆ ಬಿತ್ತಿ. ಎತ್ತಿಟ್ಟ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಡುರಾಂಟಾ ಅನ್ನುವ ಬೇಲಿ ಗಿಡ ಬೇಗ ಬರುತ್ತದೆ ಅಂತ ಯಾರೋ ಹೇಳಿದ್ದಾರೆ ಅಂದಿರಿ. ಬೇಗ ಬರುತ್ತದೆ, ಹೌದು. ಆದರೆ ಅದರ ಹಳದಿ ಹಣ್ಣು ವಿಷ, ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಹೇಳುವುದಿಲ್ಲ. ಮುಳ್ಳೇ ಬೇಡ ಅನ್ನುವುದಾದರೆ ಲಕ್ಕಿ ಗಿಡ ಹಾಕಿ. ಕಡ್ಡಿ ನೆಟ್ಟರೆ ಬರುತ್ತದೆ, ವಾಸನೆಗೆ ದನ ಮೂಸುವುದಿಲ್ಲ. ಆದರೆ ನುಗ್ಗುವುದನ್ನು ಅದು ಕವಳೆಯಷ್ಟು ತಡೆಯಲಾರದು.

ಇನ್ನು ಗೇಟಿನ ಎರಡೂ ಪಕ್ಕ 4–5 ಅಡಿ ಕವಳೆ ಬೇಡ. ಸ್ಕೂಟರ್ ತಿರುಗಿಸುವಾಗ ಮೊಣಕೈ ತರಚುವುದು ಅಲ್ಲೇ. ಅಷ್ಟು ಜಾಗಕ್ಕೆ ದಾಸವಾಳ ಹಾಕಿಕೊಳ್ಳಿ.