ಹಳೆ ಅಮೆರಿಕನ್ ಕಾರು ಕೊಳ್ಳುವ ಮುಂಚೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೆ ಕಾರುಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡಿಗರದ್ದು. ಐದನ್ನು ಆರಿಸಿದ್ದೇನೆ.

ಪ್ರಶ್ನೆ: ಸರ್, ನಾವಿರುವುದು ಮಿಷಿಗನ್‌ನಲ್ಲಿ. ಪಕ್ಕದ ಒಹಾಯೋದಲ್ಲಿ 1965ರ ಫೋರ್ಡ್ ಮಸ್ಟ್ಯಾಂಗ್ ಒಂದು ಮಾರಾಟಕ್ಕಿದೆ. ಕೆಂಪು ಬಣ್ಣ, ವಿ8 ಎಂಜಿನ್, ಪೂರ್ತಿ ರಿಸ್ಟೋರ್ ಮಾಡಿದ್ದು ಅಂತಾರೆ, 29 ಸಾವಿರ ಡಾಲರ್ ಹೇಳುತ್ತಿದ್ದಾರೆ. ಫೋಟೋದಲ್ಲಿ ಫಳಫಳ ಅನ್ನುತ್ತಿದೆ. ನೋಡಲು ಹೋದಾಗ ಏನು ಗಮನಿಸಬೇಕು?

ಉತ್ತರ: ಫಳಫಳ ಅನ್ನುವುದನ್ನು ಮೊದಲು ಮರೆತುಬಿಡಿ. ಬಣ್ಣ ಯಾರು ಬೇಕಾದರೂ ಹೊಡೆಸಬಹುದು. ಎಂಜಿನ್ ಕೆಟ್ಟಿದ್ದರೂ ಅಷ್ಟು ಚಿಂತೆಯಿಲ್ಲ, ಈ ಕಾರಿಗೆ ಇವತ್ತಿಗೂ ಸಿಗದ ಬಿಡಿಭಾಗ ಅಂತ ಹುಡುಕುವುದೇ ಕಷ್ಟ. ದುಡ್ಡು ತಿನ್ನುವುದು ತುಕ್ಕು. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಮಿಷಿಗನ್, ಒಹಾಯೋ ಕಡೆ ಓಡಾಡಿದ ಕಾರು ಅಂದರೆ ತಳದಿಂದಲೇ ನೋಡಬೇಕು. ಮಸ್ಟ್ಯಾಂಗ್‌ಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರುತ್ತದೆ, ಹಾಗಾಗಿ ತಳದ ತಗಡು ಹೋಗಿದ್ದರೆ ಅದು ಬರೀ ಅಂದಗೆಟ್ಟ ವಿಷಯ ಅಲ್ಲ, ಕಾರಿನ ಬಲವೇ ಹೋದ ಹಾಗೆ.

ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿಯೇ ನೋಡಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಕಾಲಿಡುವ ಜಾಗದ ತಗಡು, ಡಿಕ್ಕಿಯ ತಳ, ಹಿಂದಿನ ಚಕ್ರದ ಮೇಲಿನ ಕಮಾನು, ಮುಂಭಾಗ ಬಂದು ತಳಕ್ಕೆ ಸೇರುವ ಮೂಲೆಯ ಟಾರ್ಕ್ ಬಾಕ್ಸ್, ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ. ಕಪ್ಪು ಟಾರಿನಂಥ ಅಂಡರ್‌ಕೋಟಿಂಗ್ ಹೊಸದಾಗಿ ದಪ್ಪಕ್ಕೆ ಬಳಿದಿದ್ದರೆ ಅನುಮಾನ ಪಡಿ. ಮಸ್ಟ್ಯಾಂಗ್‌ನ ಇನ್ನೊಂದು ಹಳೇ ಕಾಯಿಲೆ ಮುಂದಿನ ಗಾಜಿನ ಕೆಳಗೆ ಗಾಳಿ ಒಳಹೋಗುವ ಜಾಲರಿ ಇರುತ್ತದಲ್ಲ, ಅದರ ಒಳಗೆ. ಅಲ್ಲಿ ಎಲೆ, ಮಣ್ಣು, ನೀರು ನಿಂತು ನಿಂತು ಒಳಗಿಂದ ತೂತಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೇಳಿಕೊಂಡು ಒಂದು ಜಗ್ ನೀರು ಅಲ್ಲಿಗೆ ಸುರಿಯಿರಿ, ಯಾರಾದರೂ ಒಳಗೆ ಕೂತು ಡ್ಯಾಶ್‌ಬೋರ್ಡ್ ಕೆಳಗೆ ನೋಡುತ್ತಿರಲಿ. ಕಾರ್ಪೆಟ್ ಮೇಲೆ ತೊಟ್ಟಿಕ್ಕಿದರೆ, ಅದನ್ನು ಸರಿಮಾಡಲು ಗಾಜು, ಫೆಂಡರ್ ಎಲ್ಲಾ ಬಿಚ್ಚಿ ಬೆಸುಗೆ ಒಡೆಯಬೇಕು. ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ.

ಒಂದು ಚಿಕ್ಕ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಚಕ್ರದ ಸುತ್ತ, ಬಾಗಿಲ ಕೆಳ ಅಂಚಿಗೆ ಹಿಡಿಯಿರಿ. ಅಂಟಿಕೊಳ್ಳದ ಜಾಗದಲ್ಲಿ ತಗಡಿಗಿಂತ ಪುಟ್ಟಿಯೇ ಜಾಸ್ತಿ.

ವಿ8 ಅಂತಾರಲ್ಲ, ಅಂದರೆ ಎಂಟು ಸಿಲಿಂಡರ್ ಎಂಜಿನ್, ಅದನ್ನೂ ನೋಡೋಣ. ನಂಬರ್ ಪ್ಲೇಟ್ ಅಲ್ಲ, ಕಾರ್ಖಾನೆಯಲ್ಲೇ ಕೊಟ್ಟ ಕಾರಿನ ಗುರುತಿನ ನಂಬರಿನಲ್ಲಿ (ವಿಐಎನ್) ಐದನೆಯದು ಎಂಜಿನ್ ಅಕ್ಷರ. 1965ರಲ್ಲಿ ಟಿ ಇದ್ದರೆ ಆರು ಸಿಲಿಂಡರ್. ಸಿ, ಎ, ಕೆ ಇದ್ದರೆ 289 ಘನ ಇಂಚಿನ ವಿ8, ಅದರಲ್ಲೂ ಕೆ ಅಂದರೆ ಜಾಸ್ತಿ ಶಕ್ತಿಯದ್ದು, ಅಪರೂಪದ್ದು, ದುಬಾರಿ. ಟಿ ಕಾರಿಗೆ ಆಮೇಲೆ ವಿ8 ಕೂರಿಸಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಚಕ್ರದ ಬೋಲ್ಟ್ ಎಣಿಸಿದರೂ ಸುಳಿವು ಸಿಗುತ್ತದೆ, ಆರು ಸಿಲಿಂಡರ್ ಕಾರಿಗೆ ಕಂಪನಿ ಕೊಟ್ಟಿದ್ದು ನಾಲ್ಕು, ವಿ8ಗೆ ಐದು. ಬಾಗಿಲ ಮೇಲಿನ ತಗಡಿನ ಪ್ಲೇಟನ್ನೇ ನಂಬಬೇಡಿ, ಹೊಸದಾಗಿ ಅಚ್ಚು ಹಾಕಿಸಿದ್ದು ಸಿಗುತ್ತದೆ. ಬಾನೆಟ್ ಎತ್ತಿ, ಡ್ರೈವರ್ ಕಡೆ ಫೆಂಡರ್ ಅಂಚಿನ ಒಳಗೆ ತಗಡಿಗೇ ಕೊರೆದ ನಂಬರ್ ಓದಿ. ಅದೂ, ಮಾಲೀಕತ್ವ ತೋರಿಸುವ ಟೈಟಲ್ ಕಾಗದದ ನಂಬರೂ ಒಂದೇ ಇರಬೇಕು. ಒಂದಂಕಿ ತಪ್ಪಿದ್ದರೂ ದುಡ್ಡು ಕೊಡಬೇಡಿ, ಆಮೇಲೆ ಆರ್‌ಟಿಒ ಥರದ ಅಲ್ಲಿನ ಕಚೇರಿಗೆ ಅಲೆಯುವವರು ನೀವೇ.

ಇದೆಲ್ಲಕ್ಕಿಂತ ಮುಂಚೆ ಕೇಳಬೇಕಾದ್ದು ಕೆಲಸ ನಡೆಯುವಾಗ ತೆಗೆದ ಫೋಟೋಗಳನ್ನು. ಬಣ್ಣ ಕೆರೆದು ಬರೀ ತಗಡು ಕಾಣುವ ಫೋಟೋ, ಹೊಸ ತಗಡು ಬೆಸೆದ ಫೋಟೋ, ಬಿಲ್ಲುಗಳು. ನಿಜವಾಗಿ ಕೆಲಸ ಮಾಡಿಸಿದವರ ಹತ್ತಿರ ಇವು ಕಟ್ಟುಗಟ್ಟಲೆ ಇರುತ್ತವೆ, ತೋರಿಸಲು ಅವರಿಗೇ ಆಸೆ. ಒಂದೂ ಇಲ್ಲ ಅಂದರೆ ಅದು ರಿಸ್ಟೋರ್ ಮಾಡಿದ ಕಾರಲ್ಲ, ಬಣ್ಣ ಹೊಡೆದ ಕಾರು.

ಪ್ರಶ್ನೆ: ಡಲ್ಲಾಸ್‌ನಿಂದ ಬರೆಯುತ್ತಿದ್ದೇನೆ. 1967ರ ಶೆವ್ರೊಲೆ ಕಮಾರೊ ಎಸ್‌ಎಸ್ (ಸೂಪರ್ ಸ್ಪೋರ್ಟ್), ಒರಿಜಿನಲ್ ಎಸ್‌ಎಸ್ ಅಂತ ಡೀಲರ್ ಆಣೆ ಮಾಡುತ್ತಾನೆ. ನಂಬರ್ ನೋಡಿ ಖಚಿತ ಮಾಡಿಕೊಳ್ಳಬಹುದಾ?

ಉತ್ತರ: ಆಗುವುದಿಲ್ಲ, ಅದೇ ತೊಂದರೆ. ಆ ವರ್ಷದ ಕಮಾರೊ ನಂಬರ್ 123 ಅಂತ ಶುರುವಾದರೆ ಆರು ಸಿಲಿಂಡರ್, 124 ಅಂದರೆ ವಿ8, ಎಸ್‌ಎಸ್ ಹೌದೋ ಅಲ್ಲವೋ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸಾದಾ ಕಮಾರೊಗೆ ಎಸ್‌ಎಸ್ ಬಾನೆಟ್, ಬ್ಯಾಡ್ಜ್, ಪಟ್ಟೆ ಅಂಟಿಸಿದ ನಕಲಿಗಳು ತುಂಬಾ ಇವೆ. ಕಾಗದ ಬೇಕು: ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಕಾರ್ಖಾನೆಯ ಬಿಲ್ಡ್ ಶೀಟ್, ಆಗಿನ ಬಿಲ್, ಶೆವ್ರೊಲೆಯ ಮಾತೃಸಂಸ್ಥೆ ಜಿಎಂ ಆಗ ಕೊಡುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಲೋಹದ ವಾರಂಟಿ ಕಾರ್ಡ್. ಎಂಜಿನ್ ಬ್ಲಾಕಿನ ಮೇಲೆ ಎರಕದ ತಾರೀಕು ಇರುತ್ತದೆ, ಅದು ಕಾರು ತಯಾರಾದ ದಿನಕ್ಕಿಂತ ಹಿಂದಿನದ್ದಾಗಿರಬೇಕು. ಕಾರೇ ಮೊದಲು ಹುಟ್ಟಿ ಎಂಜಿನ್ ಆಮೇಲೆ ಹುಟ್ಟಿದ್ದರೆ ಕಥೆ ಗೊತ್ತಾಯಿತಲ್ಲ. ಆದರೆ ಹಳೆ ಅಂಕಿ ಉಜ್ಜಿ ಹೊಸದು ಕೊರೆಯುವ ಕಲಾವಿದರೂ ಇದ್ದಾರೆ, ದೊಡ್ಡ ಮೊತ್ತ ಆದರೆ ಈ ಮಾಡೆಲ್ ಬಲ್ಲವರಿಗೆ ಫೀಸ್ ಕೊಟ್ಟು ತೋರಿಸಿ.

ಕಾಗದದ ಮಟ್ಟಿಗೆ ಫೋರ್ಡ್ ಮತ್ತು ಪಾಂಟಿಯಾಕ್ ಎಷ್ಟೋ ವಾಸಿ. 1967ರಿಂದೀಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ತರಿಸಬಹುದು, ಕಾರ್ಖಾನೆಯಿಂದ ಏನೇನು ಹಾಕಿಸಿಕೊಂಡು ಹೊರಬಂತು ಅಂತ ಅದರಲ್ಲಿರುತ್ತದೆ. ಪಾಂಟಿಯಾಕ್‌ಗೆ ಇಂಥದ್ದೇ ದಾಖಲೆ ಕೊಡುವ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಅಂತ ಇದೆ. 1964, 65ರ ಪಾಂಟಿಯಾಕ್ ಜಿಟಿಒ ನೋಡುವವರಿಗಂತೂ ಅದು ಬೇಕೇ ಬೇಕು, ಏಕೆಂದರೆ ಆ ಎರಡು ವರ್ಷ ಜಿಟಿಒ ಬರೀ ಒಂದು ಆಪ್ಷನ್, ನಂಬರಿನಲ್ಲಿ ಕಾಣುವುದಿಲ್ಲ. ಇನ್ನು ಕಾರಿನ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ಥರದ ರಿಪೋರ್ಟಿಗೆ ಕಾಯಬೇಡಿ, ಅವು ನಡೆಯುವುದು 1981ರಿಂದ ಬಂದ 17 ಅಂಕಿಯ ನಂಬರಿನ ಮೇಲೆ.

ಪ್ರಶ್ನೆ: ನಮ್ಮ ಯಜಮಾನರು ಎಲ್ಲೋ ಕೊಟ್ಟಿಗೆಯಲ್ಲಿ ಬಿದ್ದಿದ್ದ 1957ರ ಶೆವ್ರೊಲೆ ಬೆಲ್ ಏರ್ ಅಗ್ಗಕ್ಕೆ ಸಿಗುತ್ತದೆ, ತಂದು ಗ್ಯಾರೇಜಿನಲ್ಲಿ ನಾನೇ ಸರಿಮಾಡುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಬಲ್ಬ್ ಬದಲಾಯಿಸಲೂ ಬರುವುದಿಲ್ಲ. (ನ್ಯೂಜೆರ್ಸಿಯಿಂದ ಓದುಗರೊಬ್ಬರು)

ಉತ್ತರ: ಅಮ್ಮಾ, ಬೇಡ ಅನ್ನಿ. ಬೆಲ್ ಏರ್ ಅಂದರೆ ಮೈತುಂಬ ಕ್ರೋಮ್, ಬರೀ ಅದಕ್ಕೆ ಮತ್ತೆ ಕ್ರೋಮ್ ಲೇಪ ಹಾಕಿಸುವ ಖರ್ಚು ಕೇಳಿದರೇ ಯಜಮಾನರು ಕುರ್ಚಿ ಹುಡುಕುತ್ತಾರೆ. ತಗಡಿನ ಕೆಲಸಕ್ಕೆ, ಬಣ್ಣಕ್ಕೆ ಗಂಟೆ ಲೆಕ್ಕದಲ್ಲಿ ಕೂಲಿ. ಪೂರ್ತಿ ರಿಸ್ಟೋರ್ ಮಾಡಿಸಿದ ಕಾರನ್ನು ಮಾರುವಾಗ ಹಾಕಿದ ದುಡ್ಡು ವಾಪಸ್ ಬರುವುದೇ ಅಪರೂಪ. ಅಂದರೆ ಯಾರೋ ಈಗಾಗಲೇ ನಷ್ಟ ಮಾಡಿಕೊಂಡ ಕಾರನ್ನು ಕೊಳ್ಳುವುದೇ ಜಾಣತನ, ಸ್ವಲ್ಪ ಕ್ರೂರವಾಗಿ ಕೇಳಿಸುತ್ತದೆ, ಆದರೆ ನಿಜ. ಬೆಲ್ ಏರೇ ಬೇಕು ಅಂದರೆ ನಾಲ್ಕು ಬಾಗಿಲಿನದ್ದು ನೋಡಲಿ. ಸಂಗ್ರಹಕಾರರೆಲ್ಲ ಎರಡು ಬಾಗಿಲಿನದ್ದರ ಹಿಂದೆ ಬೀಳುವುದರಿಂದ ಇದು ತುಂಬಾ ಕಡಿಮೆಗೆ ಸಿಗುತ್ತದೆ, ನಿಮಗೂ ಹಿಂದೆ ಆರಾಮಾಗಿ ಕೂರಬಹುದು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೆಲಸ. ಹಳೆ ಕಾರನ್ನೇ ದಿನಾ ಆಫೀಸಿಗೆ ಓಡಿಸಿದರೆ ಹೇಗೆ? ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ), ಇನ್ಶೂರೆನ್ಸ್ ಕಿರಿಕಿರಿ ಇದೆಯಾ?

ಉತ್ತರ: ಸ್ಮಾಗ್ ಕಿರಿಕಿರಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಆ ಟೆಸ್ಟ್ ಬೇಡ. ಇನ್ಶೂರೆನ್ಸ್ ಬೇರೆ ಥರ. ಮಾಮೂಲಿ ಪಾಲಿಸಿಯಲ್ಲಿ ಸವಕಳಿ ಕಳೆದು ಕೈಗೆ ಚಿಲ್ಲರೆ ಕೊಡಬಹುದು. 'ಅಗ್ರೀಡ್ ವ್ಯಾಲ್ಯೂ' ಪಾಲಿಸಿ ಕೇಳಿ, ಅದರಲ್ಲಿ ಕಾರು ಪೂರ್ತಿ ಹೋದರೆ ಮೊದಲೇ ಒಪ್ಪಿಕೊಂಡ ಮೊತ್ತ ಬರುತ್ತದೆ. 'ಸ್ಟೇಟೆಡ್ ವ್ಯಾಲ್ಯೂ' ಅಂತ ಇನ್ನೊಂದಿದೆ, ಕೇಳಲು ಒಂದೇ ಥರ ಇದ್ದರೂ ಅದು ಬೇರೆ, ಬರೆಸಿದ ಮೊತ್ತಕ್ಕಿಂತ ಕಡಿಮೆ ಕೊಡಬಹುದು, ಮೋಸ ಹೋಗಬೇಡಿ. ಆದರೆ ಈ ಹಳೆ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾರನ್ನು ಗ್ಯಾರೇಜಿನಲ್ಲಿ ಇಡಬೇಕು, ದಿನಾ ಓಡಿಸಬಾರದು ಅಂತ ಷರತ್ತು ಇರುತ್ತದೆ. ನಿಮ್ಮ ಆಫೀಸ್ ಆಸೆ ಅಲ್ಲೇ ಬಿತ್ತು.

ಬಿದ್ದಿದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. 1966ರವರೆಗಿನ ಮಸ್ಟ್ಯಾಂಗ್‌ನಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಲೈನ್, ಎಲ್ಲಾದರೂ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ಲೈನಿನ ವ್ಯವಸ್ಥೆ ಬಂದಿದ್ದು 1967ರಲ್ಲಿ. ಆ ಕಾಲದ ಕಾರುಗಳಲ್ಲಿ ಸೊಂಟದ ಬೆಲ್ಟ್ ಇದ್ದರೆ ಪುಣ್ಯ, ತಲೆಗೆ ಆಸರೆ ಇಲ್ಲ. ಬೆಳಗಿನ 880 ಹೆದ್ದಾರಿಯಲ್ಲಿ ಇದನ್ನು ಓಡಿಸಬೇಡಿ. ಭಾನುವಾರಕ್ಕೆ ಇಟ್ಟುಕೊಳ್ಳಿ, ಬ್ರೇಕಿಗೆ ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿ, ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿಗೆ ತಾಳುವ ಹೊಸ ರಬ್ಬರ್ ಪೈಪುಗಳನ್ನೂ ಹಾಕಿಸಿ. ಇಂಥ ಬದಲಾವಣೆಯಿಂದ ಬೆಲೆ ಬೀಳುವುದಿಲ್ಲ.

ಪ್ರಶ್ನೆ: ಮೈಸೂರಿನವನು. ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಂದ ಒಂದು ಹಳೆ ಕಾರು ತರಿಸೋಣವೇ, ಅಥವಾ ಇಲ್ಲೇ ಒಂದು ಡಾಡ್ಜ್ ನೋಡಿದ್ದೇನೆ, ಅದನ್ನು ಕೊಳ್ಳಲೇ?

ಉತ್ತರ: ಡಾಡ್ಜ್ ನೋಡಿ. ತರಿಸಿದರೆ ಸುಂಕ, ತೆರಿಗೆ ಎಲ್ಲಾ ಸೇರಿ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತದೆ, ಮೇಲೆ ಸ್ಟಿಯರಿಂಗ್ ಎಡಗಡೆ. ನಮ್ಮಲ್ಲಿರುವ ಹಳೆ ಡಾಡ್ಜ್, ಪ್ಲಿಮತ್, ಡಿಸೋಟೊಗಳಲ್ಲಿ ಬಹಳಷ್ಟು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದವು, ಸ್ಟಿಯರಿಂಗ್ ಬಲಗಡೆಯೇ ಇದೆ. ನೀವು ಮೊದಲು ಬಾನೆಟ್ ಎತ್ತಿ. ಪೆಟ್ರೋಲ್ ದುಬಾರಿ ಅಂತ ಇಂಥ ಎಷ್ಟೋ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸಿದ್ದರು. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಮೊದಲೇ ನೋಂದಣಿ ಆಗಿದ್ದರೆ ಹಳೆ ನಂಬರೇ ಉಳಿಯುತ್ತದೆ, ಹೊಸ ನೋಂದಣಿಗೆ ವಿಎ ಅಕ್ಷರದ ನಂಬರ್ ಪ್ಲೇಟ್, 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ಎಂಜಿನ್, ಚಾಸಿ, ಬಾಡಿ ದೊಡ್ಡದಾಗಿ ಬದಲಾಗಿರಬಾರದು ಅಂತ ಅದೇ ನಿಯಮ ಹೇಳುತ್ತದೆ. ಡೀಸೆಲ್ ಡಾಡ್ಜ್ ಕೊಂಡರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ವಿಂಟೇಜ್ ನೋಂದಣಿ ಸಿಕ್ಕರೂ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು.

ಆರ್‌ಸಿ ಯಾರ ಹೆಸರಲ್ಲಿದೆ ಅಂತ ಕೇಳಿದಿರಾ? ತಾತನ ಹೆಸರಲ್ಲಿದ್ದು ಮಾರುತ್ತಿರುವುದು ಮೊಮ್ಮಗ ಆದರೆ, ವಾರಸುದಾರರೆಲ್ಲರ ಸಹಿ ಆಗಿ ಆರ್‌ಸಿ ಅವನ ಹೆಸರಿಗೆ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.