ಟ್ರಂಕು ಬಿಚ್ಚದ ಮನೆ

ಈ ಸಲ ಬಂದ ಪತ್ರಗಳಲ್ಲಿ ಐದು ಮಿಲಿಟರಿ ಮನೆಗಳಿಂದ ಬಂದಿವೆ. ಎಲ್ಲರೂ ಹೊರದೇಶದ ಪೋಸ್ಟಿಂಗ್ ಮುಗಿಸಿ ವಾಪಸ್ ಬಂದವರು, ಇಲ್ಲವೇ ಅವರ ಮನೆಯವರು. ನಾನೂ 23 ವರ್ಷ ಸೈನಿಕನ ಹೆಂಡತಿಯಾಗಿ 11 ಮನೆ ಬದಲಿಸಿದವಳು. ಅದರಲ್ಲಿ ಒಂದು ಭೂತಾನಿನಲ್ಲಿ. ಹಾಗಾಗಿ ಈ ತಿಂಗಳ ಜಾಗ ಪೂರ್ತಿ ಇವರಿಗೇ.

ಪ್ರಶ್ನೆ: ಅಕ್ಕಾ, ನಮ್ಮವರು ಆರ್ಮಿಯಲ್ಲಿ ಹವಾಲ್ದಾರ್. ಎರಡೂವರೆ ವರ್ಷ ಭೂತಾನಿನ ಹಾ ಕಣಿವೆಯಲ್ಲಿದ್ದೆವು. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದೆವು. ಕ್ವಾರ್ಟರ್ಸ್‌ಗೆ ವೇಟಿಂಗ್ ಲಿಸ್ಟ್ ಇದೆ, ಇನ್ನೂ ಎಂಟು ತಿಂಗಳಾಗಬಹುದು ಅನ್ನುತ್ತಾರೆ. ಅಲ್ಲಿವರೆಗೆ ಹೊರಗೆ ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಮೂರು ತಿಂಗಳಾಯಿತು, ಆರು ಟ್ರಂಕಿನಲ್ಲಿ ಎರಡು ಮಾತ್ರ ಬಿಚ್ಚಿದ್ದೇನೆ. ಹೇಗೂ ಮತ್ತೆ ಕಟ್ಟಬೇಕಲ್ಲ ಅಂತ. ಏಳು ವರ್ಷದ ಮಗ ದಿನಾ ಸಂಜೆ "ಮನೆಗೆ ಯಾವಾಗ ಹೋಗೋದು" ಅಂತ ಕೇಳುತ್ತಾನೆ. ಇದೇ ಮನೆ ಅಂದರೆ ಅಳುತ್ತಾನೆ. ನಮ್ಮೂರ ಕಡೆ ಬಂದಿದ್ದಕ್ಕೆ ಖುಷಿಯಾಗಬೇಕಿತ್ತು ಅಲ್ವಾ? ನನಗೂ ಯಾಕೋ ಎದೆ ಭಾರ.
— ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ಮೊದಲು ಉಳಿದ ನಾಲ್ಕು ಟ್ರಂಕು ಬಿಚ್ಚು. ನಾಳೆ ನಾಡಿದ್ದು ಅನ್ನಬೇಡ, ಈ ಭಾನುವಾರವೇ ಬಿಚ್ಚು. ಎಂಟು ತಿಂಗಳು ನಿನಗೆ ಹೇಗೋ ಕಳೆದುಹೋಗುವ ದಿನಗಳು. ಏಳು ವರ್ಷದ ಮಗುವಿಗೆ ಅದು ಹೆಚ್ಚುಕಡಿಮೆ ಒಂದು ಇಡೀ ತರಗತಿ. ತನ್ನ ಸಾಮಾನು ಟ್ರಂಕಿನಲ್ಲೇ ಇದೆ, ಅಮ್ಮ ಬೀಗ ತೆಗೆಯುತ್ತಿಲ್ಲ ಅಂದಮೇಲೆ ಇದು ನಮ್ಮ ಮನೆಯಲ್ಲ, ಇಲ್ಲಿಂದ ಇನ್ನೆಲ್ಲಿಗೋ ಹೋಗುತ್ತೇವೆ ಅಂತ ಅವನು ತಿಳಿದುಕೊಂಡಿದ್ದಾನೆ. ಅವನಿಗೆ ಹಾಗನ್ನಿಸಿದ್ದು ತಪ್ಪಲ್ಲ.

ನಾನೂ ಇದೇ ಮಾಡಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಹಾ ಕಣಿವೆಯಿಂದ ಬಂದಾಗ ನಮಗೂ ಕ್ವಾರ್ಟರ್ಸ್ ಸಿಗಲಿಲ್ಲ. ಯಜಮಾನರ ನಂಬರು, ಹೆಸರು ಬಿಳಿ ಪೇಂಟಿನಲ್ಲಿ ಬರೆದ ಕಪ್ಪು ಟ್ರಂಕುಗಳನ್ನು ಗೋಡೆಗೆ ಸಾಲಾಗಿ ಇಟ್ಟು, ಮೇಲೆ ಗಾದಿ ಹಾಕಿ, ಬೆಡ್‌ಶೀಟ್ ಹೊದಿಸಿ ದಿವಾನ್ ಮಾಡಿದ್ದೆ. ಮಿಲಿಟರಿ ಮನೆಗಳಲ್ಲಿ ಎಲ್ಲರೂ ಮಾಡುವುದೇ ಇದು. ಮಗಳು ಒಂದು ವರ್ಷ ಅದರ ಮೇಲೆ ಕೂತು ಹೋಮ್‌ವರ್ಕ್ ಮಾಡಿದಳು. ಅವಳ ಗೊಂಬೆ, ಬಣ್ಣದ ಡಬ್ಬಿ, ಅಲ್ಲಿನ ಸ್ಕೂಲಿನ ಫೋಟೋ ಎಲ್ಲ ಅವಳು ಕೂತ ಟ್ರಂಕಿನೊಳಗೇ ಇದ್ದವು. ಮುಂದಿನ ಪೋಸ್ಟಿಂಗಿನಲ್ಲಿ ಬಿಚ್ಚಿದಾಗ ಅವಳ ಕೆಂಪು ಸ್ವೆಟರ್ ಸಿಕ್ಕಿತು. ಅದರಲ್ಲಿ ಇನ್ನೂ ಬುಖಾರಿಯ ಹೊಗೆ ವಾಸನೆ ಇತ್ತು. ಬುಖಾರಿ ಅಂದರೆ ಚಳಿ ಕಾಯಿಸಲು ಕೋಣೆಯಲ್ಲಿ ಇಡುವ ತಗಡಿನ ಸೌದೆ ಒಲೆ, ಹೊಗೆ ಹೋಗಲು ಕೊಳವೆ ಇರುತ್ತದೆ. ಸ್ವೆಟರನ್ನು ಮೂಗಿಗೆ ಒತ್ತಿಕೊಂಡು ಸುಮಾರು ಹೊತ್ತು ಹಾಗೇ ನಿಂತಳು. ಆಮೇಲೆ ಹಾಕಿಕೊಳ್ಳಲು ಹೋದರೆ ತೋಳು ಮೊಣಕೈ ದಾಟಿ ಸ್ವಲ್ಪವೇ ಬಂತು. ಆ ಒಂದು ವರ್ಷ ನಾನು ಅವಳಿಗೆ ಸುಮ್ನೆ ಕಳೆದೆ ಅನ್ನಿಸಿತು.

ಮಗ "ಮನೆ" ಅಂದಾಗ "ಇದೇ ಮನೆ" ಅಂತ ವಾದ ಮಾಡಬೇಡ. ಅಲ್ಲಿ ನಿನಗೆ ಏನು ಇಷ್ಟ ಇತ್ತು ಅಂತ ಕೇಳು. ಹಿಮ ಅನ್ನಬಹುದು, ಪಕ್ಕದ ಮನೆ ಹುಡುಗ ಅನ್ನಬಹುದು, ನಾಯಿ ಅನ್ನಬಹುದು. ಒಂದು ಸಲ ಹೆಸರು ಹಿಡಿದು ಹೇಳಿದರೆ ಅವನಿಗೂ ಅರ್ಧ ಹಗುರ. ಭೂತಾನಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ ಇರುತ್ತದಲ್ಲ, ನನ್ನ ಮಗಳು ಅಡುಗೆಮನೆ ಗಡಿಯಾರವನ್ನು ಅಲ್ಲಿನ ಟೈಮಿಗೇ ಬಿಡು ಅಂತ ಹಟ ಹಿಡಿದಿದ್ದಳು. ಬಿಟ್ಟೆ. ಐದಾರು ತಿಂಗಳಾದ ಮೇಲೆ ಒಂದು ದಿನ ಸ್ಟೂಲ್ ಹತ್ತಿ ತಾನೇ ಮುಳ್ಳು ತಿರುಗಿಸಿದಳು. ನಾನು ಏನೂ ಕೇಳಲಿಲ್ಲ.

ನಿನ್ನ ಎದೆ ಭಾರದ ಮಾತಿಗೆ ಬರುತ್ತೇನೆ. ಹಾ ಸುಮಾರು 2,700 ಮೀಟರ್ ಎತ್ತರದ ಊರು. ನಮ್ಮ ಸೇನೆಯ ತರಬೇತಿ ತಂಡ, ನಾವೆಲ್ಲ ಇಮ್‌ಟ್ರ್ಯಾಟ್ ಅನ್ನುವುದು, ಅಲ್ಲಿಗೆ ಹೋದದ್ದು 1962ರ ಸುಮಾರಿಗೆ. ಹಿಮ ಬಿದ್ದು ಚೆಲೆ ಲಾ ಅನ್ನುವ ಬೆಟ್ಟದ ಕಣಿವೆದಾರಿ ಮುಚ್ಚಿದರೆ ಅಲ್ಲಿ ಇರುವವರು ನಾವು ನಾವೇ. ಒಬ್ಬರ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಮೂರು ಮನೆಯಿಂದ ಗಂಜಿ ಬರುತ್ತದೆ. ನೀನು ಕಳಕೊಂಡದ್ದು ಆ ಬೆಟ್ಟವನ್ನಲ್ಲ ತಂಗಿ, ಆ ಮೂರು ಮನೆಗಳನ್ನು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅವು ತಾವಾಗಿ ಬರುವುದಿಲ್ಲ. ಕ್ವಾರ್ಟರ್ಸ್‌ನಿಂದ ಹೊರಗೆ ಇರುವವರನ್ನು ಯೂನಿಟ್ಟಿನವರು ಎಷ್ಟೋ ಸಲ ಮರೆತೇ ಬಿಡುತ್ತಾರೆ. ಯಜಮಾನರಿಗೆ ಹೇಳಿ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿಗೆ ನಿನ್ನ ನಂಬರ್ ಸೇರಿಸು, ಆವ್ವಾ, ಅಂದರೆ ಸೈನಿಕರ ಹೆಂಡತಿಯರ ಸಂಘದ ಮೀಟಿಂಗ್ ಇದ್ದರೆ ಹೋಗು. ಮತ್ತೆ ಒಂದು ತಟ್ಟೆಯಲ್ಲಿ ಏನಾದರೂ ಮಾಡಿಕೊಂಡು ಎದುರು ಮನೆಯ ಬಾಗಿಲು ತಟ್ಟು. ಅವರಾಗಿ ಬರಲಿ ಅಂತ ಕಾಯಬೇಡ. ನಾನು ಒಂದು ಸಲ ಹಾಗೆ ಕಾದು ಕೂತಿದ್ದೆ, ಅಷ್ಟರಲ್ಲಿ ಅವರೇ ಮನೆ ಖಾಲಿ ಮಾಡಿ ಹೋದರು.

ಇನ್ನೊಂದು ಮುಖ್ಯ ವಿಷಯ, ಶಾಲೆ. ಭೂತಾನಿನಲ್ಲಿ ಶಾಲೆ ಫೆಬ್ರವರಿಗೆ ಶುರುವಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ಇಲ್ಲಿ ಕೇಂದ್ರೀಯ ವಿದ್ಯಾಲಯ ಏಪ್ರಿಲ್‌ನಲ್ಲಿ, ರಾಜ್ಯದ ಶಾಲೆಗಳು ಮೇ ಕೊನೆ, ಜೂನ್ ಹೊತ್ತಿಗೆ. ಅಂದರೆ ನಿನ್ನ ಮಗ ಮೂರು ತಿಂಗಳಿಂದ ಶಾಲೆಯಿಲ್ಲದೆ, ಗೆಳೆಯರಿಲ್ಲದೆ ನಾಲ್ಕು ಗೋಡೆ ನೋಡಿಕೊಂಡು ಕೂತಿದ್ದಾನೆ. ಅಳುವುದಕ್ಕೆ ಇದೇ ದೊಡ್ಡ ಕಾರಣ ಇರಬಹುದು. ಈಗಲೇ ಹತ್ತಿರದ ಕೇಂದ್ರೀಯ ವಿದ್ಯಾಲಯ ಮತ್ತು ಆರ್ಮಿ ಪಬ್ಲಿಕ್ ಸ್ಕೂಲಿನಲ್ಲಿ ಸೀಟು ಖಾಲಿ ಇದೆಯಾ ವಿಚಾರಿಸಿ. ಕೇಂದ್ರೀಯ ವಿದ್ಯಾಲಯದಲ್ಲಿ ಕಳೆದ 7 ವರ್ಷದಲ್ಲಿ ಎಷ್ಟು ಸಲ ವರ್ಗಾವಣೆ ಆಗಿದೆ ಅನ್ನುವುದರ ಮೇಲೆ ಆದ್ಯತೆ ಸಿಗುತ್ತದೆ, ಯೂನಿಟ್ಟಿನಿಂದ ಆ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಅಲ್ಲಿವರೆಗೆ ಸಂಜೆ ಯಾವುದಾದರೂ ಪಾರ್ಕಿಗೆ ದಿನಾ ಒಂದೇ ಹೊತ್ತಿಗೆ ಕರೆದುಕೊಂಡು ಹೋಗು. ದಿನಾ ಅದೇ ಮುಖಗಳನ್ನು ನೋಡಿದರೆ ಮಕ್ಕಳಿಗೆ ಬೇಗ ಗೆಳೆತನ ಆಗುತ್ತದೆ.

ಬಾಡಿಗೆ ಕರಾರಿನಲ್ಲಿ ಕ್ವಾರ್ಟರ್ಸ್ ಸಿಕ್ಕರೆ, ಪೋಸ್ಟಿಂಗ್ ಬಂದರೆ ಒಂದು ತಿಂಗಳ ನೋಟಿಸ್ ಸಾಕು ಅಂತ ಬರೆಸಿದ್ದೀರಾ? ಇಲ್ಲದಿದ್ದರೆ ಮಾಲೀಕರ ಹತ್ತಿರ ಈಗಲೇ ಮಾತಾಡಿ.

ಪ್ರಶ್ನೆ: ಮೇಡಂ, ನಾನು ಸೈನಿಕ. ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿದ್ದೆ. ಅಲ್ಲಿಗೆ ಮನೆಯವರನ್ನು ಕರೆದುಕೊಂಡು ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಹೆಂಡತಿ ಮಗಳ ಓದಿಗೆ ಅಂತ ಹಳ್ಳಿ ಬಿಟ್ಟು ಮೈಸೂರಿನಲ್ಲಿ ಮನೆ ಮಾಡಿದಳು. ಈಗ ಎರಡು ತಿಂಗಳ ರಜೆಯಲ್ಲಿ ಬಂದಿದ್ದೇನೆ. ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ. ಏನು ಹೇಳಿದರೂ "ನಾವು ಹಾಗೆ ಮಾಡಲ್ಲ" ಅನ್ನುತ್ತಾರೆ. ನನ್ನ ಮನೆಯಲ್ಲೇ ನಾನು ನೆಂಟ ಆಗಿದ್ದೇನೆ. ಸಿಟ್ಟು ಬೇಗ ಬರುತ್ತದೆ.
— ಒಬ್ಬ ನಾಯಕ್, ಮೈಸೂರು

ಉತ್ತರ: ತಮ್ಮಾ, ಈ ಮಾತು ಒಪ್ಪಿಕೊಂಡು ಬರೆದಿದ್ದೀರಲ್ಲ, ಎಷ್ಟೋ ಜನ ಇದನ್ನು ಒಳಗೇ ಇಟ್ಟುಕೊಂಡು ಬಾಟಲಿ ಹಿಡಿಯುತ್ತಾರೆ.

ನಿಮ್ಮ ಹೆಂಡತಿಯ ಕಡೆಯಿಂದ ಒಂದು ಸಲ ನೋಡಿ. ಗಂಡ ದೂರದ ದೇಶದಲ್ಲಿ, ಫೋನ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಆಕೆ ಒಬ್ಬಳೇ ಮನೆ ಹುಡುಕಿದ್ದಾಳೆ, ಅಡ್ವಾನ್ಸ್ ಚೌಕಾಸಿ ಮಾಡಿದ್ದಾಳೆ, ಗ್ಯಾಸ್ ಹಾಕಿಸಿದ್ದಾಳೆ, ಮಗಳಿಗೆ ಶಾಲೆ ಹುಡುಕಿದ್ದಾಳೆ. ಟಿವಿಯಲ್ಲಿ ಆಫ್ರಿಕಾದಲ್ಲಿ ಗುಂಡಿನ ಸುದ್ದಿ ಬಂದ ರಾತ್ರಿ ನಿದ್ದೆ ಮಾಡಿರುವುದಿಲ್ಲ, ಬೆಳಗ್ಗೆ ಎದ್ದು ಮಗಳಿಗೆ ಡಬ್ಬಿ ಕಟ್ಟಿರುತ್ತಾಳೆ. ಆ ಮನೆಯ ಒಂದೊಂದು ಡಬ್ಬಿಯೂ ಎಲ್ಲಿರಬೇಕು ಅಂತ ಆಕೆ ಯೋಚಿಸಿ ಇಟ್ಟಿದ್ದಾಳೆ. ನೀವು ಬಂದ ಮೂರನೇ ದಿನಕ್ಕೆ ಇದನ್ನು ಅಲ್ಲಿಡು, ಅದನ್ನು ಇಲ್ಲಿಡು ಅಂದರೆ ಆಕೆಗೆ ಒಂದು ವರ್ಷದ ಕೆಲಸಕ್ಕೆ ಯಾರೋ ಕೆಂಪು ಪೆನ್ನಲ್ಲಿ ಗೆರೆ ಎಳೆದ ಹಾಗೆ ಆಗುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ಮೊದಲ ತಿಂಗಳು ಏನೂ ಬದಲಾಯಿಸಬೇಡಿ. ಒಂದು ಕೆಲಸ ಕೇಳಿ ತೆಗೆದುಕೊಳ್ಳಿ, ಆದರೆ ಪೂರ್ತಿ ನಿಮ್ಮದೇ ಆಗಲಿ. ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ಎಲ್ಲಕ್ಕಿಂತ ಒಳ್ಳೆಯದು. ಬೈಕಿನ ಹಿಂದೆ ಕೂತ ಮಕ್ಕಳು ಮುಖ ನೋಡಿ ಹೇಳಲಾಗದ್ದನ್ನೆಲ್ಲ ಬೆನ್ನಿಗೆ ಹೇಳುತ್ತಾರೆ. ಸಂತೆಗೆ ಹೆಂಡತಿ ಜೊತೆ ಚೀಲ ಹಿಡಿದುಕೊಂಡು ಹೋಗಿ, ಯಾವ ಅಂಗಡಿಯವನು ಹೇಗೆ ಅಂತ ಆಕೆ ಹೇಳಲಿ, ನೀವು ಕೇಳಿಸಿಕೊಳ್ಳಿ. ಅಲ್ಲಿ ನೀವು ಕಂಡದ್ದನ್ನೂ ಸ್ವಲ್ಪ ಹೇಳಿ. ಬರೀ ನೈಲ್ ನದಿಯ ಫೋಟೋ ತೋರಿಸಿ ಸುಮ್ಮನಾಗಬೇಡಿ.

ಸಿಟ್ಟಿನ ಜೊತೆ ನಿದ್ದೆ ಬರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಇದ್ದರೆ ಮಿಲಿಟರಿ ಆಸ್ಪತ್ರೆಯಲ್ಲಿ ಹೇಳಿಕೊಳ್ಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇನ್ನು ಜ್ವರದ ವಿಷಯ. ಮಲೇರಿಯಾಕ್ಕೆ ಅಂತ ಕೊಟ್ಟ ಮಾತ್ರೆಗಳನ್ನು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ವಾಪಸ್ ಬಂದು ತಿಂಗಳುಗಳಾದ ಮೇಲೂ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ "ಆಫ್ರಿಕಾದಿಂದ ಬಂದಿದ್ದೇನೆ" ಅಂತಿರಲಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿನ ಮಲೇರಿಯಾ ಬಹಳ ಬೇಗ ಜೋರಾಗುತ್ತದೆ. ಹೆಂಡತಿಗೂ ಇದನ್ನು ಹೇಳಿಡಿ. ಹಳದಿ ಜ್ವರದ ಲಸಿಕೆಯ ಕಾರ್ಡ್ ಎಸೆಯಬೇಡಿ, 2016ರಿಂದ ಅದು ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ.

ಪ್ರಶ್ನೆ: ಪಶ್ಚಿಮ ಬಂಗಾಳದ ನಂಬರ್ ಇರುವ ಕಾರು ನಮ್ಮದು. ಭೂತಾನಿನಿಂದ ಬಂದು ಹಾಸನದಲ್ಲಿದ್ದೇವೆ. ಹಾಗೇ ಓಡಿಸಬಹುದಾ?
— ಹಾಸನದ ಓದುಗರು

ಉತ್ತರ: 12 ತಿಂಗಳವರೆಗೆ ಓಡಿಸಬಹುದು. ಅದಕ್ಕಿಂತ ಜಾಸ್ತಿ ದಿನ ಇಲ್ಲೇ ಇಡುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಿಸಿ ಇಲ್ಲಿ ಮರುನೋಂದಣಿ ಮಾಡಿಸಬೇಕು. ಬಂದ ತಾರೀಖಿಗೆ ಪುರಾವೆ, ಅಂದರೆ ಪೋಸ್ಟಿಂಗ್ ಆರ್ಡರ್ ಪ್ರತಿ ಕಾರಿನಲ್ಲೇ ಇರಲಿ. ಮುಂದೆ ಹೊಸ ಗಾಡಿ ಕೊಂಡರೆ ಬಿಎಚ್ ಸರಣಿಯ ನಂಬರ್ ಕೇಳಿ. 2021ರಲ್ಲಿ ಬಂದ ಈ ನಂಬರ್ ಸೇನೆಯವರಿಗೂ ಸಿಗುತ್ತದೆ, ರಾಜ್ಯ ಬದಲಾದಾಗೆಲ್ಲ ಮರುನೋಂದಣಿ ಮಾಡಿಸುವ ಓಡಾಟ ತಪ್ಪುತ್ತದೆ.

ಪ್ರಶ್ನೆ: ನನ್ನ ಮಗ ಕಠ್ಮಂಡುವಿನಲ್ಲಿ ಡ್ಯೂಟಿ ಮುಗಿಸಿ ಈಗ ಬೆಳಗಾವಿಗೆ ಬಂದಾನ. ಮೊಮ್ಮಕ್ಕಳಿಗೆ 9 ಮತ್ತು 12 ವರ್ಷ. ಅಲ್ಲಿನ ಕೇಂದ್ರೀಯ ವಿದ್ಯಾಲಯದಾಗ ಓದಿದ್ವು. ಊರಿಗೆ ಬಂದ್ರ ಬರೀ ಹಿಂದಿ. ನಾ ಮಾತಾಡ್ಸಿದ್ರ ಅವ್ವನ ಮುಖ ನೋಡ್ತಾವ. ಸೊಸಿ ಕಲಸಿಲ್ಲ ಅಂತ ನಮ್ಮಾಕಿಗೆ ಸಿಟ್ಟು.
— ಗದಗ ಜಿಲ್ಲೆಯ ಹಿರಿಯರು

ಉತ್ತರ: ಹಿರಿಯರೇ, ನಮಸ್ಕಾರ. ಸೊಸೆಯದು ತಪ್ಪಿಲ್ಲ. ಕ್ವಾರ್ಟರ್ಸ್‌ನಲ್ಲಿ ಒಂದು ಮನೆ ಪಂಜಾಬಿನದು, ಪಕ್ಕದ್ದು ಅಸ್ಸಾಮಿನದು, ಮಕ್ಕಳೆಲ್ಲ ಆಡುವುದು ಹಿಂದಿಯಲ್ಲಿ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್. ಕನ್ನಡಕ್ಕೆ ಇರುವುದು ರಾತ್ರಿ ಊಟದ ಅರ್ಧ ಗಂಟೆ ಮಾತ್ರ. ಆ ಮಕ್ಕಳಿಗೆ ನಿಮ್ಮ ಮಾತು ಅರ್ಥ ಆಗುತ್ತದೆ. ತಪ್ಪು ಆಡಿದರೆ ನಗುತ್ತಾರೆ ಅನ್ನುವ ಹೆದರಿಕೆಗೆ ಬಾಯಿ ಬಿಡುವುದಿಲ್ಲ. ಒಂದು ಸಲ ಎಲ್ಲರೂ ಸೇರಿ ನಕ್ಕರೆ ಮುಗಿಯಿತು, ಆರು ತಿಂಗಳು ಆ ಮಗು ಕನ್ನಡದ ಕಡೆ ತಿರುಗುವುದಿಲ್ಲ.

ಪಾಠ ಹೇಳಬೇಡಿ, ಕೆಲಸಕ್ಕೆ ಜೊತೆಗೆ ಕರೆದುಕೊಳ್ಳಿ. ಹೊಲಕ್ಕೆ, ಗಿರಣಿಗೆ, ಎತ್ತಿಗೆ ನೀರು ಕುಡಿಸಲು. ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿ ಒಂದು ಸಣ್ಣ ಹಿಟ್ಟಿನ ಉಂಡೆ ಕೈಗೆ ಕೊಡಲಿ. "ಹಿಟ್ಟು ಹಾಕು, ತಿರುವು, ಮೆಲ್ಲಕ" ಅನ್ನುತ್ತಾ ಹೋದರೆ ಕೈಯ ಜೊತೆ ಮಾತೂ ಬರುತ್ತದೆ. ಬೆಳಗಾವಿ ಗದಗಿಗೆ ದೂರವಲ್ಲ, ತಿಂಗಳಿಗೆ ಒಂದು ಶನಿವಾರ ನೀವೇ ಹೋಗಿ ಬನ್ನಿ. ಮಕ್ಕಳಿಗೆ ನಿಮ್ಮ ಗದಗಿನ ಮಾತೇ ಬರಲಿ, ಪುಸ್ತಕದ ಕನ್ನಡ ಆಮೇಲೆ ಕಲಿಯುತ್ತಾರೆ. ನಿಮ್ಮ ಪತ್ರವನ್ನು ತಿದ್ದದೆ ಹಾಗೇ ಹಾಕಿದ್ದೇನೆ, ಓದಿ ನನಗೆ ಅಷ್ಟು ಸಂತೋಷ ಆಯಿತು.

ಪ್ರಶ್ನೆ: ಆಂಟಿ, ನನಗೆ 15 ವರ್ಷ. ಅಪ್ಪ ನೇವಿಯಲ್ಲಿದ್ದಾರೆ. ಹೊರದೇಶದಲ್ಲಿ ಮೂರು ವರ್ಷ ಇದ್ದು ಈಗ ಕಾರವಾರಕ್ಕೆ ಬಂದಿದ್ದೇವೆ. ಅಲ್ಲಿನ ಫ್ರೆಂಡ್ಸ್ ಮೊದಲು ದಿನಾ ಮೆಸೇಜ್ ಮಾಡುತ್ತಿದ್ದರು, ಈಗ ಮಾಡಲ್ಲ. ಇಲ್ಲಿ ಯಾರ ಜೊತೆಗೂ ಸೇರಲು ಮನಸ್ಸಿಲ್ಲ. ಎರಡು ವರ್ಷಕ್ಕೆ ಮತ್ತೆ ಹೋಗುವುದೇ ಅಲ್ವಾ?
— ಎಸ್., ಕಾರವಾರ

ಉತ್ತರ: ಪುಟ್ಟಿ, ಮೆಸೇಜ್ ನಿಂತಿತು ಅಂದರೆ ಅವರು ನಿನ್ನನ್ನು ಮರೆತರು ಅಂತಲ್ಲ. ಅವರಿಗೂ ಪರೀಕ್ಷೆ, ಮನೆ, ಹೊಸಬರು. ದಿನಾ ಅಂತ ಕಾಯಬೇಡ. ಒಬ್ಬಳೇ ಒಬ್ಬಳನ್ನು, ಎಲ್ಲರಿಗಿಂತ ಹತ್ತಿರದವಳನ್ನು ಆರಿಸಿಕೊಂಡು ತಿಂಗಳಿಗೆ ಒಂದು ಸಲ ಫೋನಿನಲ್ಲಿ ಉದ್ದಕ್ಕೆ ಮಾತಾಡು.

ಎರಡು ವರ್ಷ ಅಂದರೆ ನಿನಗೆ ಹತ್ತನೇ ತರಗತಿ ಮತ್ತು ಮೊದಲ ಪಿಯುಸಿ. ಅದನ್ನು ಒಬ್ಬಳೇ ಕಳೆಯಬೇಡ ಕಂದಾ. ನೌಕಾನೆಲೆಯ ಕಾಲೊನಿಯಲ್ಲಿ ನಿನ್ನ ಹಾಗೆಯೇ ಮೂರನೇ ನಾಲ್ಕನೇ ಸಲ ಶಾಲೆ ಬದಲಿಸಿದ ಹುಡುಗಿ ಖಂಡಿತ ಇರುತ್ತಾಳೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಒಬ್ಬಳೇ ಕೂತಿರುತ್ತಾಳೆ. ನಾಳೆ ಅವಳ ಪಕ್ಕ ಹೋಗಿ ಕೂತು "ಇದಕ್ಕೆ ಮುಂಚೆ ಎಲ್ಲಿದ್ದೆ" ಅಂತ ಕೇಳು. ಅವಳು ಏನು ಹೇಳಿದಳು ಅಂತ ನನಗೆ ಬರೆ.