ಅಂಗಾಲಿನ ನರೂಲಿಗೆ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು. ಆದರೆ ಅದು ಆಣಿಯಲ್ಲ, ನರೂಲಿಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನರೂಲಿ ಇರುವ ಕಡೆ ಚರ್ಮದ ಗೆರೆಗಳು ಪಕ್ಕಕ್ಕೆ ಸರಿದು ಹೋಗಿರುತ್ತವೆ. ಮೇಲ್ಪದರ ಸವೆದಾಗ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಬೇರುಗಳಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮನಾಳಗಳು. ನರೂಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್.

ಮೆಡಿಕಲ್ ಶಾಪ್‌ನಲ್ಲಿ ನರೂಲಿಗೆಂದೇ ಸಿಗುವ ಸ್ಯಾಲಿಸಿಲಿಕ್ ಆಸಿಡ್ ದ್ರಾವಣ ತನ್ನಿ. ರಾತ್ರಿ ಮಲಗುವ ಮುನ್ನ 5–10 ನಿಮಿಷ ಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಬೆಳ್ಳಗೆ ಮೆತ್ತಗಾದ ಸತ್ತ ಚರ್ಮವನ್ನು ಉಗುರಿನ ಅರದಿಂದ ಹಗುರವಾಗಿ ಉಜ್ಜಿ, ಒರೆಸಿ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ನರೂಲಿಯ ಮೇಲಷ್ಟೇ ಔಷಧಿ ಹಚ್ಚಿ. ಆ ಅರವನ್ನು ಬೇರೆ ಯಾರೂ ಬಳಸಬಾರದು. 12 ವಾರ ಹಿಡಿದರೂ ಆಶ್ಚರ್ಯವಿಲ್ಲ, ಬೇಸರಪಟ್ಟು ಬಿಡಬೇಡಿ. ಉರಿ ಹೆಚ್ಚಾದರೆ ಮಾತ್ರ ಕೆಲವು ದಿನ ನಿಲ್ಲಿಸಿ. ಮಕ್ಕಳಲ್ಲಿ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ, ನೋವಿಲ್ಲದಿದ್ದರೆ ಕಾಯಬಹುದು.

ಬ್ಲೇಡಿನಲ್ಲಿ ಕೊಯ್ಯುವುದು, ಸುಣ್ಣ-ಸೋಡಾ, ಗೇರೆಣ್ಣೆ ಹಚ್ಚುವುದು ದಯವಿಟ್ಟು ಬೇಡ. ಚರ್ಮ ಸುಟ್ಟು ಗಾಯವಾದರೆ ಕಾಲೂರಲೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ಮನೆಯಲ್ಲಿ ಏನನ್ನೂ ಹಚ್ಚದೆ ನೇರವಾಗಿ ಚರ್ಮವೈದ್ಯರಿಗೆ ತೋರಿಸಿ.